ಹೆದರಿದಾಗ ಬಾಯಿ ಒಣಗೋದ್ಯಾಕೆ? ಬ್ರೇಕೇ ಇಲ್ಲದ ಗ್ರಂಥಿಯ ಕತೆ

[ಕ್ಯಾಮೆರಾ ಮುಂದೆ, ಕೈಯಲ್ಲಿ ನೀರಿನ ಲೋಟ]

ಮೊದಲ ವಿಡಿಯೋ ಶೂಟ್ ಮಾಡಿದ ದಿನ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೂತಿತ್ತು. ಬರೀ "ನಮಸ್ಕಾರ" ಅನ್ನೋಕೆ ಹನ್ನೊಂದು ಟೇಕ್! ವೇದಿಕೆ ಹತ್ತಿದಾಗ, ಇಂಟರ್‌ವ್ಯೂಗೆ ಕೂತಾಗ ನಿಮಗೂ ಹೀಗಾಗಿರುತ್ತೆ. ಅಷ್ಟೊತ್ತಿನವರೆಗೆ ಬಾಯಲ್ಲಿದ್ದ ಜೊಲ್ಲು ಎಲ್ಲಿ ಹೋಯ್ತು?

ಬೇಸಿಕ್ಸ್ ಬೇಗ ಮುಗಿಸೋಣ. ದೊಡ್ಡ ಲಾಲಾಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು. ಇವುಗಳ ಕಂಟ್ರೋಲ್ ರೂಮ್ ಇರೋದು ಮಿದುಳಿನ ಕಾಂಡದಲ್ಲಿ, ಎರಡು ಪುಟ್ಟ ನರಕೋಶದ ಗುಂಪುಗಳಾಗಿ. ಮೇಲಿನ ಗುಂಪು ಏಳನೇ ಕಪಾಲ ನರದ ಮೂಲಕ ದವಡೆ ಮತ್ತು ನಾಲಿಗೆ ಅಡಿಯ ಗ್ರಂಥಿಗಳನ್ನ ನಡೆಸುತ್ತೆ. ಕೆಳಗಿನದು ಒಂಬತ್ತನೇ ನರದ ಮೂಲಕ ಕಿವಿ ಮುಂದಿನ ಗ್ರಂಥಿಯನ್ನ. ನಾಲಿಗೆಗೆ ಹುಳಿ ತಾಗಿದ್ರೆ ಸುದ್ದಿ ಕಾಂಡಕ್ಕೆ ಹೋಗುತ್ತೆ, ಅಲ್ಲಿಂದಲೇ ಆರ್ಡರ್ ವಾಪಸ್ ಬರುತ್ತೆ. ಯೋಚನೆ ಮಾಡೋ ಮೇಲ್ಮಿದುಳನ್ನ ಯಾರೂ ಕೇಳೋದಿಲ್ಲ.

ಈಗ ನನ್ನ ಫೇವರಿಟ್ ಭಾಗ. ಆರಾಮದ ಹೊತ್ತಿನ ಪ್ಯಾರಾಸಿಂಪಥೆಟಿಕ್ ನರ ಜೊಲ್ಲು ಸುರಿಸುತ್ತೆ, ಭಯದ ಸಿಂಪಥೆಟಿಕ್ ನರ ಅದನ್ನ ನಿಲ್ಲಿಸುತ್ತೆ ಅಂತ ಓದಿದ್ದೀರಿ ತಾನೇ? ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ತಪ್ಪು!

ಸಿಂಪಥೆಟಿಕ್ ನರವೂ ಗ್ರಂಥಿಗೆ "ಸುರಿಸು" ಅಂತಲೇ ಹೇಳೋದು. ಪ್ಯಾರಾಸಿಂಪಥೆಟಿಕ್ ನರ ಅಸಿಟೈಲ್‌ಕೋಲಿನ್ ಅನ್ನೋ ಸಂದೇಶದ ರಾಸಾಯನಿಕ ಬಿಟ್ಟು ನೀರುನೀರಾದ ಜೊಲ್ಲು ಹರಿಸುತ್ತೆ. ಸಿಂಪಥೆಟಿಕ್ ನರ ನಾರ್‌ಅಡ್ರಿನಲಿನ್ ಬಿಟ್ಟು ಅದಕ್ಕೆ ಪ್ರೋಟೀನ್ ಬೆರೆಸುತ್ತೆ. ಒಂದು ಬೈಕ್ ನೆನೆಸಿಕೊಳ್ಳಿ. ಎರಡು ಆಕ್ಸಿಲರೇಟರ್, ಬ್ರೇಕೇ ಇಲ್ಲ. ಅದನ್ನ ನಿಧಾನ ಮಾಡೋದು ಹೇಗೆ? ಹಿಡಿದ ಕೈಯನ್ನ ಸಡಿಲ ಬಿಡಬೇಕು, ಅಷ್ಟೇ. ಆ ಕೈ ಇರೋದು ಕಂಟ್ರೋಲ್ ರೂಮಲ್ಲಿ. ಭಯವಾದಾಗ ಮೇಲಿನಿಂದ ತಡೆಯ ಸಂದೇಶ ಇಳಿದು ಬರುತ್ತೆ, ಕಾಂಡದ ನರಕೋಶಗಳು ಸುಮ್ಮನಾಗ್ತವೆ, ನೀರಿನ ಆಕ್ಸಿಲರೇಟರ್ ತಾನಾಗೇ ಇಳಿಯುತ್ತೆ. ಪ್ರೋಟೀನಿನದು ಮಾತ್ರ ಹಿಡಿದ ಹಾಗೇ ಇರುತ್ತೆ! ಅದಕ್ಕೇ ಹೆದರಿದ ಬಾಯಿ ಬರೀ ಒಣಗಲ್ಲ, ಅಂಟಂಟಾಗುತ್ತೆ. ನನ್ನ ಹನ್ನೊಂದು ಟೇಕಿಗೆ ಕಾರಣ ಇದೇ. ಪಾಪ, ಗ್ರಂಥಿಯದೇನೂ ತಪ್ಪಿಲ್ಲ.

ಅದರ ತಾಕತ್ತು ಕಡಿಮೆಯೇನಲ್ಲ. 1850ರ ಆಸುಪಾಸಿನಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಕಾರ್ಲ್ ಲುಡ್ವಿಗ್ ಗ್ರಂಥಿಯ ನರಕ್ಕೆ ಕರೆಂಟ್ ಕೊಟ್ಟು ನೋಡಿದ. ಜೊಲ್ಲಿನ ಕೊಳವೆಯೊಳಗಿನ ಒತ್ತಡ ರಕ್ತದ ಒತ್ತಡವನ್ನೂ ಮೀರಿಸ್ತು. ಅಂದ್ರೆ ಗ್ರಂಥಿ ರಕ್ತವನ್ನ ಸೋಸೋ ಜರಡಿ ಅಲ್ಲ, ನರದ ಮಾತು ಕೇಳೋ ಪಂಪ್.

[ಎಡಿಟರ್ ಗಡಿಯಾರ ತೋರಿಸ್ತಿದ್ದಾರೆ]

ಸರಿ ಸರಿ, ಉಳಿದದ್ದೆಲ್ಲ ಒಂದೇ ಉಸಿರಲ್ಲಿ. ನಿದ್ದೆಯಲ್ಲಿ ಜೊಲ್ಲು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ; ದಿಂಬು ಒದ್ದೆಯಾಗೋದು ನುಂಗೋದು ಕಮ್ಮಿಯಾಗಿ, ಬಾಯಿ ತೆರೆದುಕೊಂಡಿದ್ದಕ್ಕೆ. ವಾಂತಿಗೆ ಮುಂಚೆ ಬಾಯಿ ತುಂಬೋದೂ ಮಿದುಳಿನ ಕಾಂಡದ ಆರ್ಡರ್‌ನಿಂದಲೇ. ಅಲರ್ಜಿಯ ಕೆಲವು ಹಳೇ ಮಾತ್ರೆಗಳು ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರೋದ್ರಿಂದ ಬಾಯಿ ಒಣಗಿಸ್ತವೆ. ಗಂಟೆ ಸದ್ದಿಗೇ ನಾಯಿ ಜೊಲ್ಲು ಸುರಿಸೋ ಪ್ರಯೋಗದ ಪಾವ್ಲೋವ್ ಎಲ್ಲಿ ಅಂತೀರಾ? ಅವರಿಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಗಂಟೆಗಲ್ಲ.

ಒಂದನ್ನ ಮಾತ್ರ ಬಿಡಲ್ಲ. ಕಿವಿ ಮುಂದಿನ ಗ್ರಂಥಿಯ ಆಪರೇಷನ್ನಿನಲ್ಲಿ ತುಂಡಾದ ನರದ ಎಳೆಗಳು ಮತ್ತೆ ಬೆಳೆಯುವಾಗ ಕೆಲವೊಮ್ಮೆ ದಾರಿ ತಪ್ಪಿ ಚರ್ಮದ ಬೆವರುಗ್ರಂಥಿಗೆ ಹೋಗಿ ಸೇರಿಕೊಳ್ತವೆ. ಬೆವರುಗ್ರಂಥಿಗೂ ಅರ್ಥವಾಗೋದು ಅಸಿಟೈಲ್‌ಕೋಲಿನ್ನೇ! ಮಿದುಳು ಎಂದಿನಂತೆ ಜೊಲ್ಲಿಗೆ ಆರ್ಡರ್ ಕಳಿಸುತ್ತೆ, ಆ ಮನುಷ್ಯ ನಿಂಬೆಹಣ್ಣು ಚೀಪಿದ್ರೆ ಕೆನ್ನೆ ಬೆವರುತ್ತೆ. 1923ರಲ್ಲಿ ಇದನ್ನ ವಿವರಿಸಿದ ಪೋಲೆಂಡಿನ ನರವೈದ್ಯೆ ಲೂಸಿಯಾ ಫ್ರೇ ಅವರ ನೆನಪಿಗೆ ಇದಕ್ಕೆ ಫ್ರೇ ಸಿಂಡ್ರೋಮ್ ಅಂತಾರೆ. ಚಿಕಿತ್ಸೆ ಏನು ಗೊತ್ತಾ? ಸುಕ್ಕು ಹೋಗಲಿ ಅಂತ ಮುಖಕ್ಕೆ ಚುಚ್ಚಿಸಿಕೊಳ್ತಾರಲ್ಲ, ಅದೇ ಬೊಟಾಕ್ಸ್. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಗೆ ಬರದ ಹಾಗೆ ಅದು ತಡೆಯುತ್ತೆ. ಕೆಲವು ತಿಂಗಳು ಕೆನ್ನೆ ಒಣಗಿರುತ್ತೆ, ಆಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕು.