ಕೋರೆಗಾಂವ್ ಜಯಸ್ತಂಭ: ಕಂಪನಿ ನಿಲ್ಲಿಸಿದ ಕಂಬ ದಲಿತರ ಹೆಮ್ಮೆಯಾಗಿದ್ದು ಹೇಗೆ?

[ದೃಶ್ಯ: ಭೀಮಾ ನದಿ, ದಡದ ಕಲ್ಲಿನ ಸ್ತಂಭ, ನೀಲಿ ಬಾವುಟ ಹಿಡಿದ ಜನ]

ನಮಸ್ಕಾರ. ಪ್ರತಿ ವರ್ಷ ಜನವರಿ 1ರಂದು ಪುಣೆ ಹತ್ತಿರದ ಕೋರೆಗಾಂವ್ ಭೀಮಾದಲ್ಲಿ ಲಕ್ಷಾಂತರ ಜನ ಸೇರ್ತಾರೆ. ಗಾಣಗಾಪುರದಲ್ಲಿ ನಾವು ನೋಡೋ ಅದೇ ಭೀಮಾ ನದಿ ಅಲ್ಲೂ ಹರಿಯುತ್ತೆ. ಅಲ್ಲಿರೋ ಜಯಸ್ತಂಭವನ್ನ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿ, ತನ್ನ ಸೈನ್ಯದ ಗುಣಗಾನಕ್ಕೆ. ಹಾಗಾದ್ರೆ ನಮ್ಮ ಜನ ಅದರ ಮುಂದೆ ತಲೆಬಾಗೋದು ಯಾಕೆ?

[ದೃಶ್ಯ: ನಕ್ಷೆ, ಶಿರೂರಿನಿಂದ ಪುಣೆಗೆ ದಾರಿ]

1817ರ ನವೆಂಬರ್‌ನಲ್ಲಿ ಪುಣೆ ಕಂಪನಿಯ ಕೈಸೇರಿತ್ತು. ಊರು ಬಿಟ್ಟಿದ್ದ ಮರಾಠ ರಾಜ್ಯದ ಪೇಶ್ವೆ ಎರಡನೇ ಬಾಜಿರಾಯ ವರ್ಷದ ಕೊನೆಗೆ ದೊಡ್ಡ ಸೈನ್ಯದ ಜೊತೆ ಮತ್ತೆ ಪುಣೆ ಕಡೆ ತಿರುಗಿದ. ಪುಣೆಯಲ್ಲಿದ್ದ ಕಂಪನಿ ಪಡೆಯ ನೆರವಿಗೆ ಅಂತ ಕ್ಯಾಪ್ಟನ್ ಫ್ರಾನ್ಸಿಸ್ ಸ್ಟಾಂಟನ್ ಡಿಸೆಂಬರ್ 31ರ ರಾತ್ರಿ ಶಿರೂರಿನಿಂದ ಹೊರಟ. ಜೊತೆಗಿದ್ದವರು ಸುಮಾರು 800 ಜನ, ಎರಡು ಫಿರಂಗಿ. ರಾತ್ರಿಯೆಲ್ಲಾ ನಡೆದು 1818ರ ಜನವರಿ 1ರ ಬೆಳಗ್ಗೆ ಕೋರೆಗಾಂವ್ ತಲುಪಿದ್ರೆ, ನದಿಯಾಚೆ ಪೇಶ್ವೆಯ ಸೈನ್ಯ ಬೀಡುಬಿಟ್ಟಿದೆ! ಕಂಪನಿ ದಾಖಲೆ ಪ್ರಕಾರ 20,000 ಕುದುರೆ ಸವಾರರು, 8,000 ಕಾಲಾಳುಗಳು. ಆದ್ರೆ ಊರೊಳಗೆ ನುಗ್ಗಿ ಹೋರಾಡಿದ್ದು ಅದರಲ್ಲಿ ಒಂದು ಸಣ್ಣ ಭಾಗ ಮಾತ್ರ. ಇದನ್ನ ಬಿಟ್ಟು '28,000 ಜನರನ್ನ ಸೋಲಿಸಿದ್ರು' ಅನ್ನೋದು ಸರಿಯಲ್ಲ. ಆ ಸಿಪಾಯಿಗಳ ಧೈರ್ಯಕ್ಕೆ ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ.

ಯಾಕಂದ್ರೆ ಆ ದಿನ ಭೀಕರವಾಗಿತ್ತು. ಮನೆಮನೆ, ಗೋಡೆಗೋಡೆ ಕಾಳಗ. ನಿದ್ದೆ ಇಲ್ಲ, ಊಟ ಇಲ್ಲ. ನದಿ ಕಣ್ಣೆದುರೇ ಇದ್ರೂ ಕುಡಿಯೋಕೆ ನೀರಿಲ್ಲ. ಪೇಶ್ವೆ ಪಡೆಯ ಅರಬ್ ಸೈನಿಕರು ಒಂದು ಫಿರಂಗಿ ವಶಪಡಿಸಿಕೊಂಡು, ಅದರ ಅಧಿಕಾರಿ ಚಿಶೋಮ್‌ನ ತಲೆ ಕಡಿದ್ರು. ಆಗ ಗುಂಡೇಟು ತಿಂದು ಬಿದ್ದಿದ್ದ ಪ್ಯಾಟಿನ್‌ಸನ್ ಅನ್ನೋ ಅಧಿಕಾರಿ ಎದ್ದು ಮುನ್ನುಗ್ಗಿದ. ಸಿಪಾಯಿಗಳು ಅವನ ಹಿಂದೆಯೇ ನುಗ್ಗಿ ಫಿರಂಗಿ ವಾಪಸ್ ಪಡೆದ್ರು. ರಾತ್ರಿ ಹೊತ್ತಿಗೆ ದಾಳಿ ನಿಂತಿತು. ಜನರಲ್ ಸ್ಮಿತ್‌ನ ದೊಡ್ಡ ಪಡೆ ಹತ್ತಿರ ಬರ್ತಿದ್ದ ಕಾರಣ ಪೇಶ್ವೆ ಅಲ್ಲಿಂದ ಹೊರಟುಹೋದ. ಸ್ಟಾಂಟನ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275 ಜನ. ಅವನೂ ಪುಣೆಗೆ ಹೋಗಲಾರದೆ ಶಿರೂರಿಗೆ ಮರಳಿದ. ಅದೇ ವರ್ಷ ಜೂನ್‌ನಲ್ಲಿ ಪೇಶ್ವೆ ಶರಣಾದ.

[ದೃಶ್ಯ: ಸ್ತಂಭದ ಮೇಲಿನ ಶಾಸನ, ಹತ್ತಿರದಿಂದ]

1821ರ ಮಾರ್ಚ್ 26ರಂದು ಸ್ತಂಭಕ್ಕೆ ಅಡಿಗಲ್ಲು ಬಿತ್ತು. ಇಂಗ್ಲಿಷ್ ಮತ್ತು ಮರಾಠಿ ಎರಡರಲ್ಲೂ ಬರೆಸಿದ್ರು. ಅಧಿಕಾರಿಗಳ ಜೊತೆಗೆ ಸತ್ತ ಸಿಪಾಯಿಗಳ ಹೆಸರುಗಳನ್ನೂ ಕೆತ್ತಿಸಿದ್ರು. ಇಡೀ ಕಥೆಯ ಜೀವ ಇರೋದು ಇಲ್ಲೇ. ಸತ್ತವರ 49 ಹೆಸರುಗಳಲ್ಲಿ 22 'ನಾಕ್' ಅಂತ ಮುಗಿಯುತ್ತವೆ. ಅವು ಮಹಾರ್ ಅನ್ನೋ ದಲಿತ ಜಾತಿಯ ಸೈನಿಕರ ಹೆಸರುಗಳು. ಮರಾಠರು, ರಜಪೂತರು, ಮುಸ್ಲಿಮರೂ ಆ ಪಟ್ಟಿಯಲ್ಲಿದ್ದಾರೆ. ಆದ್ರೆ ಪೇಶ್ವೆ ಆಳ್ವಿಕೆಯಲ್ಲಿ ಮಹಾರರ ಬದುಕು ಹೇಗಿತ್ತು? ಹೆಜ್ಜೆಗುರುತು ಅಳಿಸಲಿ ಅಂತ ಸೊಂಟಕ್ಕೆ ಪೊರಕೆ, ಉಗುಳು ನೆಲಕ್ಕೆ ಬೀಳದಿರಲಿ ಅಂತ ಕೊರಳಿಗೆ ಮಡಕೆ ಕಟ್ಟಿಕೊಳ್ಳಬೇಕಿತ್ತು ಅಂತ ಅಂಬೇಡ್ಕರ್ ಬರೆದಿದ್ದಾರೆ. ಅಂಥ ಜನರ ಹೆಸರು, ತಂದೆಯ ಹೆಸರಿನ ಸಮೇತ, ಕಲ್ಲಿನ ಮೇಲೆ ನಿಂತಿತು.

ಅದೇ ಬ್ರಿಟಿಷರು 1890ರ ದಶಕದಲ್ಲಿ 'ಯೋಧ ಜನಾಂಗ'ದ ನೆಪ, ಅಂದ್ರೆ ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಲಾಯಕ್ಕು ಅನ್ನೋ ವಾದ ಹೇಳಿ ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದ್ರು. ಆಗ ಈ ಸ್ತಂಭ ಅವರ ಪಾಲಿಗೆ ಸಾಕ್ಷಿಯಾಯ್ತು: ನಾವು ಹೋರಾಡಿದ್ದೇವೆ, ನಿಮ್ಮ ಕಲ್ಲೇ ಹೇಳುತ್ತೆ. ಬ್ರಿಟಿಷ್ ಸೈನ್ಯದಲ್ಲಿದ್ದ ಸುಬೇದಾರರ ಮಗ ಅಂಬೇಡ್ಕರ್ 1927ರ ಜನವರಿ 1ರಂದು ಇಲ್ಲಿಗೆ ಬಂದ್ರು. ಮೂರು ತಿಂಗಳೊಳಗೆ, ದಲಿತರಿಗೂ ಊರ ಕೆರೆಯ ನೀರು ಕುಡಿಯೋ ಹಕ್ಕಿದೆ ಅಂತ ಅವರು ನಡೆಸಿದ ಮಹಾಡ್‌ನ ಕೆರೆ ಸತ್ಯಾಗ್ರಹ ನಡೀತು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್‌ನ ಮೊದಲ ಬೆಟಾಲಿಯನ್ ಶುರುವಾಯ್ತು. ರೆಜಿಮೆಂಟ್‌ನ ಮೊದಲ ಟೋಪಿ ಬಿಲ್ಲೆಯಲ್ಲಿ ಇದ್ದದ್ದು ಇದೇ ಸ್ತಂಭ.

2018ರಲ್ಲಿ, ಇನ್ನೂರನೇ ವರ್ಷಾಚರಣೆಯ ದಿನ, ಇಲ್ಲಿ ಹಿಂಸಾಚಾರ ನಡೆದು ಒಂದು ಜೀವ ಹೋಯ್ತು. ಬ್ರಿಟಿಷರ ಗೆಲುವನ್ನ ಆಚರಿಸೋದು ದೇಶದ್ರೋಹ ಅನ್ನೋರು ಇವತ್ತಿಗೂ ಇದ್ದಾರೆ. ಅಲ್ಲಿಗೆ ಹೋಗೋರು ಕಂಪನಿಗೆ ಜೈಕಾರ ಹಾಕೋಕೆ ಹೋಗ್ತಿಲ್ಲ. ಮನುಷ್ಯರು ಅಂತಲೇ ಎಣಿಸದ ಕಾಲದಲ್ಲಿ ತಮ್ಮ ಹಿರಿಯರು ತೋರಿಸಿದ ಶೌರ್ಯವನ್ನ ನೆನೆಯೋಕೆ ಹೋಗ್ತಾರೆ. ಅದನ್ನ ತಪ್ಪು ಅನ್ನೋ ಹಕ್ಕು ಯಾರಿಗೂ ಇಲ್ಲ ಅನ್ನೋದು ನನ್ನ ನಿಲುವು.

ಪುಣೆಯಿಂದ ಅಹಿಲ್ಯಾನಗರ, ಅಂದ್ರೆ ಹಳೇ ಅಹ್ಮದ್‌ನಗರಕ್ಕೆ ಹೋಗೋ ಹೆದ್ದಾರಿಯ ಪಕ್ಕದಲ್ಲೇ, ಪೆರಣೆ ಊರಿನ ಹದ್ದಿನಲ್ಲಿ ಸ್ತಂಭ ಇದೆ. ಜನವರಿ 1ರಂದು ತುಂಬಾ ಜನಸಂದಣಿ. ಶಾಸನ ನಿಧಾನವಾಗಿ ಓದಬೇಕು ಅಂದ್ರೆ ಬೇರೆ ದಿನ ಹೋಗಿ.