ಯುಐಡಿ 1000 ಎಚ್ಚರಿಕೆಯ ಬಾಯಿ ಮುಚ್ಚಿಸಬೇಡಿ

ಎಲ್ಲರಿಗೂ ನಮಸ್ಕಾರ, ಕಾರವಾರದಿಂದ.

ಸಣ್ಣ ಸಾಧನಗಳ ಬೋರ್ಡಿಗೆ ಬೇಕಾದ ಲಿನಕ್ಸ್ ಕಟ್ಟಿಕೊಡುವ ಯೋಕ್ಟೋದಲ್ಲಿ ಬಿಲ್ಡ್ ಮಾಡುವವರು ಈ ಹಳದಿ ಸಾಲನ್ನು ಒಮ್ಮೆಯಾದರೂ ನೋಡಿರುತ್ತೀರಿ. ಇಂಥ ಫೈಲಿನ ಒಡೆಯ ಯುಐಡಿ (ಲಿನಕ್ಸ್ ಪ್ರತಿ ಯೂಸರಿಗೆ ಕೊಡುವ ನಂಬರ್) 1000, ಬಿಟ್‌ಬೇಕ್ (ಯೋಕ್ಟೋದ ಬಿಲ್ಡ್ ಸಾಧನ) ಓಡಿಸುತ್ತಿರುವ ಯೂಸರ್ ಕೂಡ ಅದೇ ಅನ್ನುತ್ತದೆ ಅದು. ಇದು ಬರೀ ಎಚ್ಚರಿಕೆಯಾಗಿರುವ ಯೋಕ್ಟೋ ಆವೃತ್ತಿಗಳಲ್ಲಿ ಬಿಲ್ಡ್ ನಿಲ್ಲುವುದಿಲ್ಲ. ಬೋರ್ಡ್ ಚೆನ್ನಾಗಿಯೇ ಬೂಟ್ ಆಗುತ್ತದೆ. ಅದಕ್ಕೇ ಬಹಳ ಜನ ರೆಸಿಪಿಗೆ (ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಫೈಲು) ತಪಾಸಣೆ ಬಿಟ್ಟುಬಿಡು ಅಂತ ಹೇಳುವ ಇನ್ಸೇನ್ ಸ್ಕಿಪ್ ಅನ್ನುವ ಸಾಲು ಸೇರಿಸಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಇದು ಯಾಕೆ ಬರುತ್ತದೆ ನೋಡೋಣ. ಬಿಲ್ಡ್ ಮಾಡುವಾಗ ನಾವು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಲ್ಲ. ಆದರೆ ಬೋರ್ಡಿನೊಳಗೆ ಹೋಗುವ ಫೈಲುಗಳು ರೂಟ್ ಹೆಸರಿನಲ್ಲಿ ಇರಬೇಕು. ಈ ಕೆಲಸಕ್ಕೆ ಸ್ಯೂಡೋ ಅನ್ನುವ ಸಾಧನ ಇದೆ. ದಿನಾ ಟರ್ಮಿನಲ್‌ನಲ್ಲಿ ಬಳಸುವ ಸುಡೋ ಅಲ್ಲ, ಇದು ಬೇರೆ. ಡಿಸ್ಕಿನಲ್ಲಿ ಫೈಲು ನಿಮ್ಮದೇ ಆಗಿರುತ್ತದೆ, ಆದರೆ ಸ್ಯೂಡೋ ತನ್ನ ಡೇಟಾಬೇಸಿನಲ್ಲಿ ಒಡೆಯ ರೂಟ್ ಅಂತ ಬರೆದಿಟ್ಟುಕೊಳ್ಳುತ್ತದೆ. ಸಾಗುವಳಿ ಒಬ್ಬರದು, ಪಹಣಿಯಲ್ಲಿ ಹೆಸರು ಇನ್ನೊಬ್ಬರದು ಇದ್ದ ಹಾಗೆ. ಪ್ಯಾಕೇಜಿಗೆ ಹೋಗುವುದು ಪಹಣಿಯಲ್ಲಿರುವ ಹೆಸರು.

ಪ್ಯಾಕೇಜಿಗೆ ಹೋಗುವ ಫೈಲುಗಳನ್ನು ಜೋಡಿಸುವ ಡು ಇನ್‌ಸ್ಟಾಲ್ ಹಂತ ಸ್ಯೂಡೋ ಕೆಳಗೆ ನಡೆಯುತ್ತದೆ. ಅಲ್ಲಿ ಹೊಸದಾಗಿ ಹುಟ್ಟುವ ಫೈಲೆಲ್ಲ ರೂಟ್‌ನದು. ಸೋರ್ಸ್ ಬಿಚ್ಚುವ ಹಂತ ಮಾತ್ರ ಸ್ಯೂಡೋ ಹೊರಗೆ ನಡೆದಿರುತ್ತದೆ, ಹಾಗಾಗಿ ಆ ಫೈಲುಗಳು ನಿಮ್ಮ ಹೆಸರಿನಲ್ಲೇ ಇರುತ್ತವೆ. ಈಗ ಡು ಇನ್‌ಸ್ಟಾಲ್‌ನಲ್ಲಿ ಸಿಪಿ ಹೈಫನ್ ಎ ಅಂತ ಬರೆದರೆ ಏನಾಗುತ್ತದೆ? ಒಡೆತನ ಸಮೇತ ನಕಲು ಮಾಡು ಅಂತ ನೀವೇ ಹೇಳಿದ್ದೀರಿ. ಅದು ಹಾಗೇ ಮಾಡುತ್ತದೆ. ಉಬುಂಟು ಲ್ಯಾಪ್‌ಟಾಪಿನಲ್ಲಿ ಮೊದಲ ಯೂಸರಿಗೆ ಸಿಗುವ ನಂಬರ್ 1000. ಅದೇ ನಂಬರ್ ಬೋರ್ಡಿಗೂ ಹೋಗುತ್ತದೆ.

ಹೋದರೆ ಏನು ನಷ್ಟ ಅಂತ ಕೇಳುವವರಿದ್ದಾರೆ. ನಮ್ಮ ಬೈತಖೋಲ್ ಬಂದರನ್ನೇ ತೆಗೆದುಕೊಳ್ಳಿ. ಮೀನುಗಾರಿಕೆ ನಿಷೇಧದಿಂದಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಇಂಜಿನ್ ಓಡಿದ ಗಂಟೆ, ಜಿಪಿಎಸ್ ದಾರಿ ಬರೆದಿಡುವ ಒಂದು ಪೆಟ್ಟಿಗೆಯನ್ನು ಬೋಟಿಗೆ ಕೂರಿಸಬೇಕು ಅಂದುಕೊಳ್ಳಿ. ಈ 61 ದಿನಗಳೇ ಅದಕ್ಕೆ ಸರಿಯಾದ ಸಮಯ. ಜುಲೈ ಕೊನೆಗೆ ಒತ್ತಡ ಜಾಸ್ತಿ, ಎಚ್ಚರಿಕೆಗಳನ್ನು ಮುಚ್ಚಿ ಇಮೇಜ್ (ಬೋರ್ಡಿಗೆ ಹಾಕುವ ಪೂರ್ತಿ ಸಾಫ್ಟ್‌ವೇರ್) ಕೊಟ್ಟುಬಿಡುವ ಆಸೆ ಹುಟ್ಟುವುದೂ ಆಗಲೇ. ಆದರೆ ಆ ಪೆಟ್ಟಿಗೆಯಲ್ಲೂ ಆ್ಯಪ್ ಓಡಿಸಲು ಒಬ್ಬ ಸಾಮಾನ್ಯ ಯೂಸರ್ ಇರುತ್ತಾನೆ. ಅವನ ನಂಬರೂ ಸಾಮಾನ್ಯವಾಗಿ 1000. ರೂಟ್ ಓಡಿಸುವ ಸ್ಟಾರ್ಟ್‌ಅಪ್ ಸ್ಕ್ರಿಪ್ಟ್ ಈಗ ಅವನ ಸ್ವತ್ತಾಯಿತು. ಆ್ಯಪಿನಲ್ಲಿ ಒಂದು ಸಣ್ಣ ತೂತು ಸಿಕ್ಕರೂ ಒಳಗೆ ಬಂದವನು ಆ ಸ್ಕ್ರಿಪ್ಟ್ ಬದಲಿಸಬಹುದು. ಮುಂದಿನ ಬೂಟಿಗೆ ಇಡೀ ಪೆಟ್ಟಿಗೆ ಅವನ ಕೈಗೆ. ಆಗಸ್ಟಿನಲ್ಲಿ ಬೋಟು ಕಡಲಿಗೆ ಹೋದ ಮೇಲೆ ನೀವು ಯಾರ ಹಿಂದೆ ಓಡುತ್ತೀರಿ, ಮಾರಾಯ್ರೆ?

ಇನ್ನೊಂದು ತೊಂದರೆಯೂ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ 1000, ಬಿಲ್ಡ್ ಸರ್ವರಿನಲ್ಲಿ 1001 ಅಂದರೆ ಒಂದೇ ಸೋರ್ಸಿನಿಂದ ಎರಡು ಬೇರೆ ಪ್ಯಾಕೇಜು ಬರುತ್ತದೆ.

ಸರಿ ಮಾಡುವುದು ಕಷ್ಟವಲ್ಲ. ಒಂದೆರಡು ಫೈಲಾದರೆ ಇನ್‌ಸ್ಟಾಲ್ ಕಮಾಂಡ್ ಬಳಸಿ, ಮೋಡ್ (ಯಾರು ಓದಬಹುದು, ಬರೆಯಬಹುದು, ಓಡಿಸಬಹುದು ಅನ್ನುವ ಅನುಮತಿ) 0644 ಅಥವಾ 0755 ಅಂತ ಬಾಯಿಬಿಟ್ಟು ಹೇಳಿ. ಇಡೀ ಫೋಲ್ಡರ್ ಆದರೆ ಸಿಪಿಯನ್ನೇ ಬಳಸಿ, ಪ್ರಿಸರ್ವ್ ಆಯ್ಕೆಯಲ್ಲಿ ಮೋಡ್ ಮತ್ತು ಲಿಂಕ್ಸ್ ಮಾತ್ರ ಕೊಡಿ, ಒಡೆತನ ಬಿಟ್ಟುಬಿಡಿ. ಟಾರ್ (ಹಲವು ಫೈಲುಗಳನ್ನು ಕಟ್ಟಿಟ್ಟ ಗಂಟು) ಬಿಚ್ಚುವುದಾದರೆ ನೋ ಸೇಮ್ ಓನರ್ ಹಾಕಿ. ಕೊನೆಯಲ್ಲಿ ಒಡೆತನ ಬದಲಿಸುವ ಚೌನ್ ಹೈಫನ್ ಆರ್ ಹೊಡೆದು ಎಲ್ಲವನ್ನೂ ರೂಟ್ ಮಾಡುವ ದಾರಿಯೂ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಯಾವುದೋ ಸೇವೆಗೆ ಅದರದೇ ಯೂಸರ್, ಅದರದೇ ಡೇಟಾ ಫೋಲ್ಡರ್ ಬೇಕಿದ್ದರೆ ಅದನ್ನೂ ಅಳಿಸಿಹಾಕುತ್ತದೆ. ಅಂಥ ಕಡೆ ಯೂಸರ್‌ಆ್ಯಡ್ ಕ್ಲಾಸ್ ಬಳಸಿ ಯೂಸರನ್ನು ರೆಸಿಪಿಯಲ್ಲೇ ಹುಟ್ಟಿಸಿ.

ನಾನಾದರೆ ಈ ತಪಾಸಣೆಯನ್ನು ವಾರ್ನ್ ಪಟ್ಟಿಯಿಂದ ತೆಗೆದು ಎರರ್ ಪಟ್ಟಿಗೆ ಹಾಕುತ್ತೇನೆ. ಡಿಸ್ಟ್ರೋ ಕಾನ್ಫಿಗ್‌ನಲ್ಲಿ (ಎಲ್ಲ ರೆಸಿಪಿಗೂ ಅನ್ವಯಿಸುವ ಸೆಟ್ಟಿಂಗ್ ಫೈಲು) ಎರಡೇ ಸಾಲು. ಆಮೇಲೆ ಬಿಲ್ಡ್ ನಿಂತೇ ನಿಲ್ಲುತ್ತದೆ, ಯಾರೂ ನೋಡಿಯೂ ನೋಡದ ಹಾಗೆ ಇರಲಿಕ್ಕೆ ಆಗುವುದಿಲ್ಲ.

ಒಂದು ಮಿತಿ ಮಾತ್ರ ತಿಳಿದಿರಲಿ. ಈ ತಪಾಸಣೆ ಹೋಲಿಸುವುದು ಬಿಲ್ಡ್ ಮಾಡುವವರ ನಂಬರಿನ ಜೊತೆ ಮಾತ್ರ. ಡು ಇನ್‌ಸ್ಟಾಲ್‌ನಲ್ಲಿ ಬಿಚ್ಚಿದ ವೆಂಡರ್ ಟಾರ್ ಫೈಲಿನಲ್ಲಿ ಅವರ ಕಡೆಯ ಯಾರದೋ 1005 ಇದ್ದರೆ ಅದು ಸುಮ್ನೆ ದಾಟಿ ಹೋಗುತ್ತದೆ. ಹಾಗಾಗಿ ಬೋರ್ಡ್ ಬೂಟ್ ಆದ ಮೇಲೆ ಫೈಂಡ್ ಕಮಾಂಡಿಗೆ ಯೂಸರ್ 1000 ಅಂತ ಕೊಟ್ಟು ಒಮ್ಮೆ, ನೋ ಯೂಸರ್ ಆಯ್ಕೆ ಕೊಟ್ಟು ಇನ್ನೊಮ್ಮೆ ಇಡೀ ರೂಟ್ ಫೈಲ್‌ಸಿಸ್ಟಮ್ ಹುಡುಕಿ. ಎರಡನೆಯದು ಪಾಸ್‌ವರ್ಡ್ ಫೈಲಿನಲ್ಲಿ ಹೆಸರೇ ಇಲ್ಲದ ಒಡೆಯರ ಫೈಲುಗಳನ್ನೆಲ್ಲ ತೋರಿಸುತ್ತದೆ. ಆ್ಯಪ್ ಯೂಸರಿಗೆ ನಿಜವಾಗಿಯೂ ಸೇರಬೇಕಾದ ಫೈಲುಗಳನ್ನು ಬಿಟ್ಟು ಪಟ್ಟಿ ಖಾಲಿ ಬರುವವರೆಗೆ ಇಮೇಜನ್ನು ಬಂದರಿಗೆ ಕಳಿಸಬೇಡಿ.