ಬಿಟ್ಟುಕೊಟ್ಟಿದ್ದೇಕೆ? ಹೊಸ ಫುಟ್‌ಬಾಲ್ ತಂಡದ ಮೊದಲ ಆಟಗಾರರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೊಸ ತಂಡವೊಂದು ಸೇರಿದಾಗ ಅದಕ್ಕೆ ಮೊದಲ ಆಟಗಾರರು ಎಲ್ಲಿಂದ, ಹೇಗೆ ಬರುತ್ತಾರೆ ಎಂಬುದು ಈ ದಿನದ ವಿಷಯ. ಇದು ಕಾಲಿನಿಂದ ಚೆಂಡು ಒದೆಯುವ, ಜಗತ್ತೆಲ್ಲ ಆಡುವ ಫುಟ್‌ಬಾಲ್ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಲ್ಮೆಟ್ ತೊಟ್ಟು, ಎರಡು ತುದಿಗಳೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ ಇದು. ಮೈದಾನದಲ್ಲಿ ಒಂದು ಕಡೆಗೆ 11 ಜನರಷ್ಟೇ ಇರುತ್ತಾರೆ. ಆದರೆ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ, ಚೆಂಡು ಒದೆಯುವುದಕ್ಕೆ ಬೇರೆಯವರು ಎಂದು ಲೆಕ್ಕ ಹಾಕಿದರೆ ಒಂದು ತಂಡಕ್ಕೆ 50ಕ್ಕೂ ಹೆಚ್ಚು ಆಟಗಾರರು ಬೇಕಾಗುತ್ತಾರೆ. ಹೊಸ ತಂಡದ ಮಾಲೀಕನ ಬಳಿ ಹಣವಿರುತ್ತದೆ, ಕ್ರೀಡಾಂಗಣವಿರುತ್ತದೆ, ತಂಡಕ್ಕೊಂದು ಹೆಸರು, ಬಣ್ಣ, ಲಾಂಛನ ಎಲ್ಲವೂ ಸಿದ್ಧವಾಗಿರುತ್ತವೆ. ಆ ಬಣ್ಣದ ಅಂಗಿ ತೊಡಲು ಮಾತ್ರ ಒಬ್ಬನೂ ಇರುವುದಿಲ್ಲ.

ಆಗ ಲೀಗ್ ಒಂದು ಏರ್ಪಾಡು ಮಾಡುತ್ತದೆ. ಅದನ್ನು ವಿಸ್ತರಣಾ ಡ್ರಾಫ್ಟ್ ಎನ್ನುತ್ತಾರೆ. ಇದು ಹರಾಜಲ್ಲ, ಹೆಚ್ಚು ಕೂಗಿದವನಿಗೆ ಆಟಗಾರ ಸಿಗುವುದಿಲ್ಲ. ಹಳೆಯ ತಂಡಗಳು ತಮಗೆ ಬೇಕಾದ ಆಟಗಾರರನ್ನು ಉಳಿಸಿಕೊಂಡು ಮಿಕ್ಕವರ ಹೆಸರುಗಳನ್ನು ಪಟ್ಟಿ ಮಾಡಿ ಲೀಗಿಗೆ ಒಪ್ಪಿಸುತ್ತವೆ, ಹೊಸ ತಂಡವು ಆ ಪಟ್ಟಿಯಿಂದ ತನ್ನವರನ್ನು ಆರಿಸಿಕೊಳ್ಳುತ್ತದೆ. 1960ರಲ್ಲಿ ಡಲ್ಲಾಸ್ ಕೌಬಾಯ್ಸ್ ಹುಟ್ಟಿದಾಗ ಹಳೆಯ 12 ತಂಡಗಳು ತಲಾ 36 ಹೆಸರುಗಳಲ್ಲಿ 25ನ್ನು ಕಾಯ್ದುಕೊಂಡವು, ಉಳಿದವರಲ್ಲಿ ತಂಡಕ್ಕೆ ಮೂವರಂತೆ ಒಟ್ಟು 36 ಜನರನ್ನು ಡಲ್ಲಾಸ್ ಒಂದೇ ದಿನದೊಳಗೆ ಆರಿಸಿಕೊಳ್ಳಬೇಕಾಯಿತು. 1976ರಲ್ಲಿ ಸಿಯಾಟಲ್ ಮತ್ತು ಟ್ಯಾಂಪಾ ಬೇ ತಂಡಗಳು ಒಟ್ಟಿಗೆ ಬಂದಾಗ ತಲಾ 39 ಆಟಗಾರರನ್ನು ಪಡೆದವು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗಿವೆ, ಆದರೆ ತಿರುಳು ಬದಲಾಗಿಲ್ಲ. ಆ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಆಟಗಾರನೂ, ಅವನನ್ನು ದಿನವೂ ಕಣ್ಣೆದುರು ನೋಡಿದ, ಅವನ ಮೊಣಕಾಲು, ಬೆನ್ನು, ಸ್ವಭಾವ, ಸಂಬಳ ಎಲ್ಲವನ್ನೂ ಬಲ್ಲ ಜನ ಯೋಚಿಸಿಯೇ ಬಿಟ್ಟುಕೊಟ್ಟವನು.

ಆದ್ದರಿಂದ ಹೊಸ ತಂಡದವರು ಕೇಳಬೇಕಾದ ಪ್ರಶ್ನೆ ಒಂದೇ. ಇವನು ಎಷ್ಟು ಒಳ್ಳೆಯ ಆಟಗಾರ ಎಂಬುದಲ್ಲ, ಇವನನ್ನು ಬಿಟ್ಟುಕೊಟ್ಟಿದ್ದೇಕೆ ಎಂಬುದು. ಈ ಮಾತನ್ನು ನಾನು ಇವತ್ತು ಹಲವು ಸಲ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಬೇಕು. ಪತ್ರಿಕೆಗಳಲ್ಲಿ, ಟೆಲಿವಿಷನ್ ಚರ್ಚೆಗಳಲ್ಲಿ ಪಟ್ಟಿ ಹೊರಬಿದ್ದ ಕೂಡಲೇ ದೊಡ್ಡ ದೊಡ್ಡ ಹೆಸರುಗಳನ್ನು ಎಣಿಸುತ್ತಾ ಕೂರುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುವ ಗಾದೆ ಇಲ್ಲಿಗೆ ಸಲ್ಲದು, ಏಕೆಂದರೆ ಇದು ದಾನವೇ ಅಲ್ಲ. ಹ್ಯೂಸ್ಟನ್ ತಂಡದ ಮಾಲೀಕ ಬಾಬ್ ಮೆಕ್‌ನೇರ್ ಲೀಗಿಗೆ ಸೇರಲು ತೆತ್ತ ಹಣ 70 ಕೋಟಿ ಡಾಲರ್. ಅಷ್ಟು ಕೊಟ್ಟವರು ಹಲ್ಲನ್ನು ಎಣಿಸಲೇಬೇಕು.

ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಾನು ಹೇಳಬೇಕೆಂದಿರುವುದೆಲ್ಲ ಅದರಲ್ಲೇ ಇದೆ.

2002ರ ಫೆಬ್ರವರಿ ತಿಂಗಳು. ಅಷ್ಟು ಹೊತ್ತಿಗೆ ಲೀಗಿನಲ್ಲಿ ಸಂಬಳಕ್ಕೆ ಮಿತಿ ಬಂದಿತ್ತು. ಒಂದು ತಂಡ ತನ್ನ ಆಟಗಾರರೆಲ್ಲರಿಗೂ ಸೇರಿ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂಬ ಕಟ್ಟುನಿಟ್ಟು. ಆ ವರ್ಷದ ಮಿತಿ ಸುಮಾರು 7 ಕೋಟಿ 11 ಲಕ್ಷ ಡಾಲರ್. ಹಳೆಯ 31 ತಂಡಗಳು ತಲಾ ಐದು ಹೆಸರುಗಳನ್ನು ಮುಂದಿಡಬೇಕಿತ್ತು. ಹ್ಯೂಸ್ಟನ್ ಅವರಲ್ಲಿ 30 ಜನರನ್ನಾದರೂ ಆರಿಸಬೇಕಿತ್ತು, ಇಲ್ಲವೇ ಆರಿಸಿದವರ ಸಂಬಳವೆಲ್ಲ ಸೇರಿ ಮಿತಿಯ ಶೇಕಡಾ 38ರಷ್ಟಾದರೂ ಆಗಬೇಕಿತ್ತು. ಈ ನಿಯಮದ ಫಲವೇನೆಂದರೆ, ಮಿತಿ ಮೀರಿ ಖರ್ಚು ಮಾಡಿ ಉಸಿರುಗಟ್ಟಿದ್ದ ಹಳೆಯ ತಂಡಗಳು ತಮ್ಮ ದುಬಾರಿ ಆಟಗಾರರನ್ನೇ ಪಟ್ಟಿಗೆ ಹಾಕಿದವು. ಎಲ್ಲರಿಗಿಂತ ದೊಡ್ಡ ಇಕ್ಕಟ್ಟಿನಲ್ಲಿದ್ದ ತಂಡಗಳಲ್ಲೊಂದು ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್. ಅದರ ಪಟ್ಟಿಯಲ್ಲಿದ್ದ ಒಂದು ಹೆಸರು ಟೋನಿ ಬೊಸೆಲ್ಲಿ.

ಬೊಸೆಲ್ಲಿ ಯಾರು ಎಂದು ಹೇಳಬೇಕಾದರೆ ಅವರು ನಿಲ್ಲುತ್ತಿದ್ದ ಜಾಗವನ್ನು ಹೇಳಬೇಕು. ಈ ಆಟದಲ್ಲಿ ಚೆಂಡನ್ನು ಎಸೆಯುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವನು ಬಲಗೈಯವನಾಗಿದ್ದರೆ, ಎಸೆಯಲು ಕೈ ಎತ್ತಿದಾಗ ಅವನ ಮೈ ಬಲಕ್ಕೆ ತಿರುಗಿರುತ್ತದೆ, ಎಡಬದಿಯಿಂದ ನುಗ್ಗಿ ಬರುವವನು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಆ ಕಾಣದ ಬದಿಯಲ್ಲಿ ಗೋಡೆಯಂತೆ ನಿಂತು ಎದುರಾಳಿಯನ್ನು ತಡೆಯುವವನೇ ಲೆಫ್ಟ್ ಟ್ಯಾಕಲ್. ಅವನು ತಡೆಯುವುದು ಕೈಗಳಿಂದ, ಅಂದರೆ ಭುಜದ ಬಲದಿಂದ. ಬೊಸೆಲ್ಲಿ ಆ ಕಾಲದ ಅತ್ಯುತ್ತಮ ಲೆಫ್ಟ್ ಟ್ಯಾಕಲ್‌ಗಳಲ್ಲಿ ಒಬ್ಬರು. ಲೀಗಿನ ಆ ವರ್ಷದ ಅತ್ಯುತ್ತಮರನ್ನು ಆರಿಸುವ ಪ್ರೊ ಬೌಲ್ ಗೌರವವನ್ನು ಸತತ ಐದು ವರ್ಷ ಪಡೆದಿದ್ದರು. 1995ರಲ್ಲಿ ಜ್ಯಾಕ್ಸನ್‌ವಿಲ್ ತಾನೇ ಹೊಸ ತಂಡವಾಗಿ ಲೀಗಿಗೆ ಬಂದಾಗ ಕಾಲೇಜು ಡ್ರಾಫ್ಟಿನಲ್ಲಿ, ಅಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಏರ್ಪಾಡಿನಲ್ಲಿ, ಮೊಟ್ಟಮೊದಲು ಆರಿಸಿಕೊಂಡದ್ದು ಇವರನ್ನೇ. ಒಂದು ಹೊಸ ತಂಡ ಅಡಿಗಲ್ಲಾಗಿ ಇಟ್ಟುಕೊಂಡವರನ್ನು ಏಳು ವರ್ಷಗಳ ನಂತರ ಇನ್ನೊಂದು ಹೊಸ ತಂಡ ತನ್ನ ಮೊದಲ ಆಯ್ಕೆಯಾಗಿ ಕರೆಯಿತು. ಅದೇ ತಂಡದಿಂದ ರಕ್ಷಣಾ ಪಡೆಯ ಗ್ಯಾರಿ ವಾಕರ್ ಮತ್ತು ಸೆತ್ ಪೇನ್ ಅವರನ್ನೂ ಹ್ಯೂಸ್ಟನ್ ಆರಿಸಿತು.

ಈಗ ನಮ್ಮ ಪ್ರಶ್ನೆ ಕೇಳೋಣ. ಜ್ಯಾಕ್ಸನ್‌ವಿಲ್ ಇಂಥವರನ್ನು ಬಿಟ್ಟುಕೊಟ್ಟಿದ್ದೇಕೆ? ಸಂಬಳದ ಹೊರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಉತ್ತರ, ಅದು ಸುಳ್ಳೂ ಅಲ್ಲ. ವಾಕರ್ ಮತ್ತು ಪೇನ್ ವಿಷಯದಲ್ಲಿ ಅದು ನಿಜವೇ ಆಯಿತು. ಬೊಸೆಲ್ಲಿಯವರ ವಿಷಯದಲ್ಲಿ ಇನ್ನೊಂದು ಉತ್ತರವೂ ಇತ್ತು. ಅವರ ಭುಜ ಕೆಟ್ಟಿತ್ತು. 2001ರ ಋತುವಿನಲ್ಲಿ ಅವರು ಆಡಿದ್ದು ಮೂರೇ ಪಂದ್ಯ, ಆಮೇಲೆ ಶಸ್ತ್ರಚಿಕಿತ್ಸೆ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಚೇತರಿಸಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ಹ್ಯೂಸ್ಟನ್ ತನ್ನ ದಾಳಿಯ ಎಡಬದಿಯನ್ನು ಅವರಿಗೆ ಒಪ್ಪಿಸಿತು, ಎರಡು ತಿಂಗಳ ನಂತರ ಕಾಲೇಜು ಡ್ರಾಫ್ಟಿನ ಮೊದಲ ಆಯ್ಕೆಯಲ್ಲಿ ಡೇವಿಡ್ ಕಾರ್ ಎಂಬ ಯುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದು ಅವರ ಹಿಂದೆ ನಿಲ್ಲಿಸುವ ಲೆಕ್ಕ ಹಾಕಿತು.

ಭುಜ ಚೇತರಿಸಲಿಲ್ಲ. ಬೊಸೆಲ್ಲಿ ಹ್ಯೂಸ್ಟನ್ ಪರವಾಗಿ ಒಂದೇ ಒಂದು ಪಂದ್ಯವನ್ನೂ ಆಡದೆ 2003ರಲ್ಲಿ ನಿವೃತ್ತರಾದರು. ಕಾರ್ ಮಾತ್ರ ಆ ಮೊದಲ ವರ್ಷ 16 ಪಂದ್ಯಗಳನ್ನೂ ಆಡಿದ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡಹುವುದಕ್ಕೆ ಸ್ಯಾಕ್ ಎನ್ನುತ್ತಾರೆ. 2002ರಲ್ಲಿ ಡೇವಿಡ್ ಕಾರ್ 76 ಸಲ ಸ್ಯಾಕ್ ಆದ. ಒಂದು ಋತುವಿನಲ್ಲಿ ಅಷ್ಟು ಸಲ ನೆಲಕ್ಕೆ ಬಿದ್ದ ಕ್ವಾರ್ಟರ್‌ಬ್ಯಾಕ್ ಲೀಗಿನ ಇತಿಹಾಸದಲ್ಲಿ ಇನ್ನೊಬ್ಬನಿಲ್ಲ. ನೂರು ಕಿಲೋಗಿಂತಲೂ ಹೆಚ್ಚು ತೂಕದ ಆಳುಗಳು ಓಡಿಬಂದು, ಅದರಲ್ಲೂ ಕಾಣದ ಬದಿಯಿಂದ, ಪಂದ್ಯಕ್ಕೆ ಹತ್ತಿರ ಹತ್ತಿರ ಐದು ಸಲ ಕೆಡಹಿದರೆ ಆ ಹುಡುಗನ ಮೈ ಏನಾಗಬೇಕು, ಮನಸ್ಸು ಏನಾಗಬೇಕು ಎಂದು ಯೋಚಿಸಿ. 2005ರಲ್ಲೂ ಅವನು 68 ಸಲ ಬಿದ್ದ. ಕಾರ್ ವಿಫಲನಾದ ಎಂದು ಈಗಲೂ ಸಲೀಸಾಗಿ ಬರೆದುಬಿಡುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬಿಟ್ಟುಕೊಟ್ಟಿದ್ದೇಕೆ ಎಂಬ ಪ್ರಶ್ನೆಗೆ ಸಿಕ್ಕ ಎರಡು ಉತ್ತರಗಳಲ್ಲಿ ಹಗುರವಾದ ಒಂದನ್ನು ನಂಬಿ, ಭಾರವಾದದ್ದನ್ನು ಭರವಸೆಗೆ ಬಿಟ್ಟದ್ದರ ಬೆಲೆಯನ್ನು ಆ ಹುಡುಗ ತೆತ್ತ.

ಅದೇ ದಿನ ಅದೇ ತಂಡ ಸರಿಯಾಗಿ ಓದಿದ ಹೆಸರುಗಳೂ ಇವೆ. ನ್ಯೂಯಾರ್ಕ್ ಜೆಟ್ಸ್ ಬಿಟ್ಟುಕೊಟ್ಟ ಆ್ಯರನ್ ಗ್ಲೆನ್ ಎಂಬ ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿಯ ಚೆಂಡು ಹಿಡಿಯುವವರನ್ನು ಕಾಯುವ ರಕ್ಷಣಾ ಆಟಗಾರ, ದುಬಾರಿಯಾಗಿದ್ದರು. ಆದರೆ ಅವರ ಕಾಲು, ಕಣ್ಣು ಎರಡೂ ಚುರುಕಾಗಿಯೇ ಇದ್ದವು. ಹ್ಯೂಸ್ಟನ್ ತನ್ನ ಮೊದಲ ಪಂದ್ಯದಲ್ಲೇ ಡಲ್ಲಾಸನ್ನು 19-10ರಿಂದ ಸೋಲಿಸಿತು. ಅದರ ಕೊನೆಯ ಎರಡು ಅಂಕ ಬಂದದ್ದು ಸೆತ್ ಪೇನ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಅವನದೇ ಗಡಿಯೊಳಗೆ ಕೆಡಹಿದಾಗ. ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪಂದ್ಯವಂತೂ ಇನ್ನೂ ವಿಚಿತ್ರ. ಹ್ಯೂಸ್ಟನ್‌ನ ದಾಳಿ ಪಡೆ ಇಡೀ ಪಂದ್ಯದಲ್ಲಿ ಮುನ್ನಡೆದದ್ದು 47 ಗಜ ಮಾತ್ರ, ಎದುರಾಳಿಗಳು 400 ಗಜ ದಾಟಿದ್ದರು. ಆದರೂ ಹ್ಯೂಸ್ಟನ್ 24-6ರಿಂದ ಗೆದ್ದಿತು, ಏಕೆಂದರೆ ಗ್ಲೆನ್ ಎದುರಾಳಿ ಎಸೆದ ಚೆಂಡನ್ನು ಎರಡು ಸಲ ನಡುದಾರಿಯಲ್ಲೇ ಹಿಡಿದು, ಎರಡು ಸಲವೂ ಓಡಿ ಗಡಿ ಮುಟ್ಟಿಸಿದರು. ಆ ವರ್ಷ ಗ್ಲೆನ್, ವಾಕರ್ ಇಬ್ಬರೂ ಪ್ರೊ ಬೌಲ್‌ಗೆ ಆಯ್ಕೆಯಾದರು. ಇವರನ್ನು ಬಿಟ್ಟುಕೊಟ್ಟಿದ್ದೇಕೆ? ಹಣಕ್ಕಾಗಿ, ಹಣಕ್ಕಾಗಿ ಮಾತ್ರ. ಹಣದ ಕಾರಣಕ್ಕೆ ಬಿಟ್ಟವನನ್ನು ಹಣವಿರುವ ಹೊಸ ತಂಡ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಮೈ ಕೆಟ್ಟು ಬಿಟ್ಟವನ ವಿಷಯದಲ್ಲಿ ಹಣ ಯಾವ ಕೆಲಸಕ್ಕೂ ಬರುವುದಿಲ್ಲ.

ಈ ಕಥೆಗೇ ಹೆಚ್ಚು ಸಮಯ ಹೋಯಿತು, ಉಳಿದವನ್ನು ಬೇಗ ಬೇಗ ಹೇಳುತ್ತೇನೆ.

ಹೊಸ ತಂಡಕ್ಕೆ ಆಟಗಾರರು ಬರುವ ದಾರಿ ವಿಸ್ತರಣಾ ಡ್ರಾಫ್ಟ್ ಒಂದೇ ಅಲ್ಲ. ಕಾಲೇಜು ಡ್ರಾಫ್ಟ್ ಇದೆ, ಒಪ್ಪಂದ ಮುಗಿದ ಸ್ವತಂತ್ರ ಆಟಗಾರರಿದ್ದಾರೆ, ಬೇರೆ ತಂಡಗಳ ಜೊತೆ ವಿನಿಮಯವಿದೆ. ಪ್ರಶ್ನೆ ಮಾತ್ರ ಎಲ್ಲ ಕಡೆಯೂ ಅದೇ. 1995ರಲ್ಲಿ ಜ್ಯಾಕ್ಸನ್‌ವಿಲ್ ತಂಡ ಗ್ರೀನ್ ಬೇಯಿಂದ ವಿನಿಮಯದಲ್ಲಿ ಪಡೆದ ಮಾರ್ಕ್ ಬ್ರುನೆಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಗ್ರೀನ್ ಬೇ ಬಿಟ್ಟುಕೊಟ್ಟಿದ್ದೇಕೆ? ಅವನ ಮುಂದೆ ಬ್ರೆಟ್ ಫಾರ್ವ್ ನಿಂತಿದ್ದರು, ಫಾರ್ವ್ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಬ್ರುನೆಲ್‌ನಲ್ಲಿ ದೋಷವೇ ಇರಲಿಲ್ಲ, ಜಾಗವಿರಲಿಲ್ಲ ಅಷ್ಟೇ. 1996ರಲ್ಲಿ ಅವನು 4,367 ಗಜ ಎಸೆದು ಇಡೀ ಲೀಗಿನಲ್ಲಿ ಮೊದಲಿಗನಾದ, ಎರಡೇ ವರ್ಷದ ಆ ತಂಡ ಡೆನ್ವರ್‌ನಲ್ಲಿ ಡೆನ್ವರ್ ತಂಡವನ್ನೇ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇ ಆಫ್‌ನಲ್ಲಿ ಸೋಲಿಸಿತು.

ಜ್ಯಾಕ್ಸನ್‌ವಿಲ್ ಜೊತೆಗೇ 1995ರಲ್ಲಿ ಲೀಗಿಗೆ ಬಂದ ಕ್ಯಾರೊಲೈನಾ ತಂಡ ನ್ಯೂ ಆರ್ಲಿಯನ್ಸ್‌ನಿಂದ ರಕ್ಷಣಾ ಪಡೆಯ ಸ್ಯಾಮ್ ಮಿಲ್ಸ್ ಅವರನ್ನು ಕರೆತಂದಿತು. ಅವರಿಗೆ ಆಗಲೇ ಈ ಆಟದ ಲೆಕ್ಕದಲ್ಲಿ ವಯಸ್ಸಾಗಿತ್ತು, ಎತ್ತರವೂ ಈ ಆಟಕ್ಕೆ ಕಡಿಮೆಯೇ. ಆದರೆ ಎದುರಾಳಿ ಏನು ಮಾಡಲಿದ್ದಾನೆ ಎಂಬುದನ್ನು ಅವನು ಮಾಡುವ ಮೊದಲೇ ಓದಿಬಿಡುವ ಬುದ್ಧಿಗೆ ವಯಸ್ಸಾಗಿರಲಿಲ್ಲ. ಮೊದಲ ಐದು ಪಂದ್ಯಗಳನ್ನು ಸೋತಿದ್ದ ಕ್ಯಾರೊಲೈನಾ ತನ್ನ ಮೊದಲ ಗೆಲುವು ಕಂಡದ್ದು, ಮಿಲ್ಸ್ ಎದುರಾಳಿಯ ಚೆಂಡನ್ನು ಕಸಿದು 36 ಗಜ ಓಡಿದ ಪಂದ್ಯದಲ್ಲಿ.

ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ ಸ್ಟೀವ್ ಲಾರ್ಜೆಂಟ್ ಅವರ ಹೆಸರನ್ನು ಹೇಳದೆ ಹೋದರೆ ನನಗೆ ಸಮಾಧಾನವಿರದು. 1976ರಲ್ಲಿ ಹ್ಯೂಸ್ಟನ್ ಆಯ್ಲರ್ಸ್ ಎಂಬ ಆಗಿನ ತಂಡ, ಓಟದಲ್ಲಿ ನಿಧಾನ, ಮೈಕಟ್ಟು ಸಣ್ಣದು ಎಂದು ಅವರನ್ನು ಋತು ಆರಂಭವಾಗುವ ಮೊದಲೇ ಕೈಬಿಡುವುದರಲ್ಲಿತ್ತು. ಹೊಸ ತಂಡವಾದ ಸಿಯಾಟಲ್‌ನ ಸಹಾಯಕ ತರಬೇತುದಾರ ಜೆರಿ ರೋಮ್, ಟಲ್ಸಾ ವಿಶ್ವವಿದ್ಯಾಲಯದಲ್ಲಿ ಲಾರ್ಜೆಂಟ್ ಅವರನ್ನು ಪಳಗಿಸಿದ್ದವರು. ಓಟ ನಿಧಾನವಾದರೂ ಅವರ ಕೈಗೆ ಬಂದ ಚೆಂಡು ಜಾರುವುದಿಲ್ಲ, ಅವರು ತಿರುಗುವ ತಿರುವು ಎದುರಾಳಿಗೆ ಊಹೆಗೂ ನಿಲುಕುವುದಿಲ್ಲ ಎಂಬುದು ರೋಮ್ ಅವರಿಗೆ ಗೊತ್ತಿತ್ತು. ಮುಂದಿನ ವರ್ಷದ ಡ್ರಾಫ್ಟಿನ ಎಂಟನೇ ಸುತ್ತಿನ ಒಂದು ಆಯ್ಕೆ, ಅದೇ ಕೊಟ್ಟ ಬೆಲೆ. 1989ರಲ್ಲಿ ನಿವೃತ್ತರಾಗುವಾಗ ಲಾರ್ಜೆಂಟ್ 819 ಸಲ ಚೆಂಡು ಹಿಡಿದು ಲೀಗಿನ ದಾಖಲೆ ಬರೆದಿದ್ದರು. ಬಿಟ್ಟುಕೊಟ್ಟಿದ್ದೇಕೆ ಎಂಬುದಕ್ಕೆ ಆಯ್ಲರ್ಸ್ ಬಳಿ ಉತ್ತರವಿತ್ತು. ಆ ಉತ್ತರ ತಪ್ಪೆಂದು ತಿಳಿದವರೊಬ್ಬರು ಸಿಯಾಟಲ್‌ನಲ್ಲಿದ್ದರು.

ಅದಕ್ಕೇ ಆಟಗಾರರಿಗಿಂತ ಮೊದಲು ಆಟಗಾರರನ್ನು ಬಲ್ಲವರನ್ನು ಹುಡುಕಬೇಕು ಎನ್ನುವುದು. ಟ್ಯಾಂಪಾ ಬೇ ತನ್ನ ಮೊದಲ 26 ಪಂದ್ಯಗಳನ್ನು ಒಂದರ ಹಿಂದೊಂದರಂತೆ ಸೋತಿತು. ಡಲ್ಲಾಸ್ ಕೂಡ ಮೊದಲ ವರ್ಷ 11 ಪಂದ್ಯ ಸೋತು, ಒಂದರಲ್ಲಿ ಸಮ ಮಾಡಿಕೊಂಡು, ಒಂದನ್ನೂ ಗೆಲ್ಲಲಿಲ್ಲ. ಆದರೆ ಡಲ್ಲಾಸ್ ಮಾಲೀಕರು, ಲೀಗಿನ ಅಧಿಕೃತ ಒಪ್ಪಿಗೆ 1960ರ ಜನವರಿಯಲ್ಲಿ ಬರುವ ಮೊದಲೇ, ವ್ಯವಸ್ಥಾಪಕರಾಗಿ ಟೆಕ್ಸ್ ಶ್ರಾಮ್ ಅವರನ್ನೂ ತರಬೇತುದಾರರಾಗಿ ಟಾಮ್ ಲ್ಯಾಂಡ್ರಿ ಅವರನ್ನೂ ನೇಮಿಸಿಕೊಂಡಿದ್ದರು. ಆಟಗಾರರನ್ನು ಹುಡುಕುವ ಹೊಣೆಯನ್ನು ಶ್ರಾಮ್ ವಹಿಸಿದ್ದು ಗಿಲ್ ಬ್ರಾಂಟ್ ಎಂಬವರಿಗೆ. ಬ್ರಾಂಟ್ ಅದುವರೆಗೆ ಎಳೆ ಮಕ್ಕಳ ಛಾಯಾಚಿತ್ರ ತೆಗೆಯುವ ಕೆಲಸ ಮಾಡುತ್ತಾ, ಬಿಡುವಿನ ವೇಳೆಯಲ್ಲಿ ತಂಡಗಳಿಗೆ ಆಟಗಾರರ ಬಗ್ಗೆ ವರದಿ ಕೊಡುತ್ತಿದ್ದವರು. ಮೂವರೂ ಮೂರು ದಶಕಗಳ ಹತ್ತಿರ ಒಟ್ಟಿಗೆ ಉಳಿದರು, ಒಂದೂ ಗೆಲುವಿಲ್ಲದೆ ಆರಂಭಿಸಿದ ಆ ತಂಡ 1966ರಿಂದ 1985ರವರೆಗೆ ಸತತ 20 ಋತುಗಳಲ್ಲಿ ಸೋಲಿಗಿಂತ ಹೆಚ್ಚು ಗೆಲುವುಗಳನ್ನು ಕಂಡಿತು.

ನಮಸ್ಕಾರ.